ಕಿಟಕಿಗೆ ಕಟ್ಟಿದ ಗೋಣಿಚೀಲ

ನಮ್ಮಪ್ಪ ದುಂಡಪ್ಪ ಮಾಸ್ತರನ ಭಾಷಣ ಕೇಳಲು ಹುಕ್ಕೇರಿ, ಹತ್ತರಗಿಗಳಿಂದ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಇದನ್ನು ಹೆಮ್ಮೆಯಿಂದ ಹೇಳಬೇಕೆಂದು ನನಗೂ ಆಸೆ. ಆದರೆ ಬಾಯಿ ತೆರೆದರೆ ನಾಚಿಕೆಯೇ ಮುಂದೆ ಬರುತ್ತದೆ.

ಸ್ವಾತಂತ್ರ್ಯ ಬರುವುದಕ್ಕೆ ಹತ್ತು ವರ್ಷ ಮೊದಲಿನ ಮಾತು. ಯಮಕನಮರಡಿಯ ಶಾಲೆಯಲ್ಲಿ ಕಲಿಸುತ್ತಿದ್ದ ಅಪ್ಪ ಸಂತೆಯ ದಿನ ಕಟ್ಟೆ ಏರಿ, ಯಾವುದನ್ನೂ ಸುಲಭಕ್ಕೆ ನಂಬದವರನ್ನೇ ಮುಂದೆ ಕೂಡಿಸಿಕೊಂಡು ಮಾತಾಡುತ್ತಿದ್ದ. ಗ್ರಹಣ ಹಿಡಿದಾಗ ಮಾತ್ರ ನೀರಿನ ತಾಟಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಪ್ಪ ಗ್ರಹಣವಿಲ್ಲದ ದಿನವೇ ಒನಕೆ ನಿಲ್ಲಿಸಿ ತೋರಿಸಿದ.

"ನಾ ಹೇಳಿದ್ದನ್ನೂ ನಂಬಬ್ಯಾಡ್ರಿ, ಮನಿಗೆ ಹೋಗಿ ನಿಲ್ಲಿಸಿ ನೋಡ್ರಿ. ತಾನು ಮಾಡದ್ದನ್ನ ಮಂದಿಗೆ ಹೇಳೋದು ಅನೀತಿ ಐತಿ" ಎಂದ. ಅರ್ಧ ಊರು ಒನಕೆ ನಿಲ್ಲಿಸಿ ನೋಡಿತು.

ಆ ವರ್ಷದ ಸೂರ್ಯಗ್ರಹಣಕ್ಕೆ ಬಸುರಿಯರೂ ಹೊರಗೆ ಬರಬಹುದು, ಏನೂ ಆಗದು ಎಂದು ಸಾರಿದ. ಪಿಂಜಾರ ನಿಜಾಮಸಾಬ ಏಳು ತಿಂಗಳ ಬಸುರಿ ಹೆಂಡತಿ ರಶೀದಾಬಿಯನ್ನು ಕರೆತಂದ. ಮೊದಲೇ ಎರಡು ಕೂಸು ಕಳೆದುಕೊಂಡವಳು. ರಟ್ಟಿನ ತೂತಿನಿಂದ ಬಿಳಿ ಧೋತರದ ಮೇಲೆ ಬಿದ್ದ, ಕಚ್ಚಿದ ರೊಟ್ಟಿಯಂಥ ಸೂರ್ಯನನ್ನು ನೋಡಿ ಆಕೆ ನಕ್ಕಳಂತೆ.

"ಮಾಸ್ತರ, ನಿಮ್ಮ ಮನ್ಯಾಗಿನವ್ರು ಎಲ್ಲಿ ಅದಾರ್ರಿ? ಅವ್ರಿಗೂ ನನ್ನಷ್ಟ ತಿಂಗಳಲ್ಲೇನ್ರಿ?"

"ಆಕಿಗೆ ಮೈಯಾಗ ಆರಾಮಿಲ್ಲ" ಎಂದ ಅಪ್ಪ.

ಹಸಿ ಸುಳ್ಳು! ಅವ್ವ ಕಾಶೆವ್ವ ಆಗ ನಡುಕೋಣೆಯ ಕತ್ತಲಲ್ಲಿ ಕೂತಿದ್ದಳು. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎನ್ನುವ ಮನೆ ನಮ್ಮದು. ಆದರೂ ಅಜ್ಜಿ, "ಚೊಚ್ಚಲ ಐತಿ, ಹೆಚ್ಚುಕಡಿಮಿ ಆದ್ರ?" ಎಂದದ್ದೇ ತಡ, ಅಪ್ಪನ ಧೈರ್ಯ ನೀರಾಗಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಕಿಟಕಿಗೆ ಗೋಣಿಚೀಲ ಕಟ್ಟಿದವನೂ, ಹೊರಗಿನಿಂದ ಅಗಳಿ ಹಾಕಿದವನೂ ಅವನೇ. ಹೊಟ್ಟೆಯಲ್ಲಿದ್ದವಳು ನಾನು.

ಗ್ರಹಣ ಬಿಟ್ಟ ಮೇಲೆ ರಶೀದಾಬಿ, ಪಾಪ, ಆರಾಮಿಲ್ಲದವಳಿಗೆಂದು ಗಂಜಿ ಮಾಡಿಕೊಂಡು ಬಂದಳು. ಅಪ್ಪ ಆಗಷ್ಟೇ ಅಗಳಿ ತೆಗೆಯುತ್ತಿದ್ದ. ಅದನ್ನೂ ಕಂಡಳು, ಗೋಣಿಚೀಲವನ್ನೂ ಕಂಡಳು.

"ನನ್ನ ಕೂಸಿನ ಮ್ಯಾಲ ಪರೀಕ್ಷಾ ಮಾಡಿದ್ರೇನ್ರಿ, ಮಾಸ್ತರ?" ಎಂದವಳೇ ಗಂಜಿಯನ್ನು ಹೊಸ್ತಿಲಲ್ಲಿಟ್ಟು ಹೋದಳು.

ಅಪ್ಪ ಭಾಷಣ ನಿಲ್ಲಿಸಿದ. ಎರಡು ತಿಂಗಳು ದಿನಾ ಸಂಜೆ ಅವರ ಬಾಗಿಲ ಮುಂದೆ ಹಾಯ್ದುಹೋಗುತ್ತಿದ್ದ. ಆ ಕೂಸಿಗೇನಾದರೂ ಆದರೆ ಎಂಬ ಭಯ. ನಿಜಾಮಸಾಬ ಹತ್ತಿ ಹಿಂಜುತ್ತಿದ್ದವನು ತಲೆ ಎತ್ತುತ್ತಿರಲಿಲ್ಲ. ಕೂಸು ಗಟ್ಟಿಮುಟ್ಟಾಗಿ ಹುಟ್ಟಿತು. ಎಂಟು ದಿನಕ್ಕೆ ನಾನೂ ಹುಟ್ಟಿದೆ. "ಗೋಣಿಚೀಲದ ಪುಣ್ಯಾ" ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಳು. ಹಾಗಲ್ಲವೆಂದು ಅಪ್ಪ ಯಾವ ಮುಖ ಇಟ್ಟುಕೊಂಡು ಅಂದಾನು?

ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಅವ್ವನನ್ನು ಕೇಳಿದನಂತೆ: "ಅವತ್ತ ನೀ ಬಾಗಲಾ ಯಾಕ ಬಡೀಲಿಲ್ಲ? ನಿನಗೂ ಅಂಜಿಕಿ ಬಂದಿತ್ತೇನು?"

"ನಾ ಯಾಕ ಅಂಜಲಿ?" ಎಂದಳು ಅವ್ವ. "ನಿಮ್ಮ ಭಾಷಣಾ ಪೂರಾ ಬಾಯಿಪಾಠ ಇತ್ತು ನನಗ. ನೀವು ಕರ್ಕೊಂಡ ಹೋಗ್ತೀರಿ ಅಂತ ಮುಂಜಾನೇನ ಹೊಸಾ ಸೀರಿ ಉಟ್ಟಿದ್ನಿ."