ಸಂಕದ ಮೇಲೊಬ್ಬ ಸಂಶೋಧಕ

ಕಾಲಿಗೆ ಬೂಟು, ಕುತ್ತಿಗೆಗೆ ಟೇಪ್ ರೆಕಾರ್ಡರ್. ಹೊಳೆಯ ನಟ್ಟನಡುವೆ, ಹದಿನೈದು ಅಡಿ ಎತ್ತರದಲ್ಲಿ ನನ್ನ ಗೆಳೆಯ ಶ್ರೀಧರ ನಿಂತಿದ್ದಾಗ ಅವನ ಕಾಲಡಿಯಿಂದ 'ಚಟ್' ಎಂದು ಸದ್ದು ಬಂತು.

ಎರಡು ವಾರವಾಯಿತು. ಈಗಲೂ ಕ್ಲಾಸಿನಲ್ಲಿ ಯಾರಾದರೂ ಬೆಂಚು ಅಲುಗಿಸಿದರೆ ನಾನು ಪಾಠ ನಿಲ್ಲಿಸಿ ಮೇಜು ಹಿಡಿದುಕೊಳ್ಳುತ್ತೇನೆ.

ಎಲ್ಲಕ್ಕೂ ಕಾರಣ ಒಂದು ಸುತ್ತೋಲೆ. ಸಾಹಿತ್ಯ, ಇತಿಹಾಸ, ಜಾನಪದ ಎಂದು ಪಿಎಚ್.ಡಿ. ಮಾಡುತ್ತಿರುವವರಿಗೆ ಯೂನಿವರ್ಸಿಟಿ ಬೇಸಿಗೆ ಶಾಲೆ ನಡೆಸುತ್ತದಂತೆ. ಅಲ್ಲಿ ಯಾವ ಕಮ್ಮಟ ಇರಬೇಕೆಂದು ನಾವೇ ಪ್ರಸ್ತಾವ ಕಳಿಸಬೇಕಂತೆ. ಪುತ್ತೂರಿನ ನಮ್ಮ ಸ್ಟಾಫ್ ರೂಮಿನಲ್ಲಿ ಕುಳಿತು (ಪಿಎಚ್.ಡಿ. ಎಂಬ ಕಾಯಿಲೆ ನಮ್ಮಿಬ್ಬರಿಗೂ ಏಳು ವರ್ಷದಿಂದ ಇದೆ) ಬರೆದೆವು: 'ಕ್ಷೇತ್ರಕಾರ್ಯ: ಜನರನ್ನು ಕೇಳುವ ಕಲೆ.' ಎಂಥ ಹೆಸರು! ಯಾರು ಬೇಡ ಎಂದಾರು?

"ಒಂದು ಟ್ರಯಲ್ ಮಾಡಿಯೇ ಕಳಿಸುವ ಮಾರಾಯ" ಎಂದ ಶ್ರೀಧರ. ಪೆರಾಬೆಯಲ್ಲಿ ಹಳೆಯ ಹಾಡು ಬಲ್ಲ ಅಜ್ಜಿಯೊಬ್ಬರು ಇದ್ದಾರೆಂದು ಕೇಳಿದ್ದೆವು. ರಿಜಿಸ್ಟರಿನಲ್ಲಿ ಸಹಿ ಹಾಕಿ ಕಾಲೇಜಿನ ಟೇಪ್ ರೆಕಾರ್ಡರ್ ಪಡೆದು ಬಸ್ ಹತ್ತಿದೆವು.

ಬಸ್ಸಿಳಿದು ನಡೆದರೆ ಹೊಳೆ ಅಡ್ಡ ಸಿಕ್ಕಿತು. ಅದರ ಮೇಲೆ ಸಂಕ, ಅಂದರೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸೇತುವೆ. ಶ್ರೀಧರ ಹತ್ತಿಯೇ ಬಿಟ್ಟ. ನಾನು ದಡದಲ್ಲಿ ನಿಂತು ನೋಟ್ ಬುಕ್ಕಿನಲ್ಲಿ 'ಸಂಶೋಧಕನು ಹಳ್ಳಿಯನ್ನು ಪ್ರವೇಶಿಸುತ್ತಾನೆ' ಎಂದು ಬರೆದೆ.

ಆಗಲೇ ಆ ಚಟ್.

ಅವನು ನಿಂತಲ್ಲೇ ಕಲ್ಲಾದ. ಕೆಳಗೆ ಇದ್ದದ್ದೂ ಕಲ್ಲೇ. "ಹಿಂದೆ ಬಾ" ಎಂದು ಕೂಗಿದೆ. ಆಮೇಲೆ "ಬೇಡ, ಮುಂದೆ ಹೋಗು" ಎಂದೆ. (ಎಂ.ಎ. ಓದಿದವನ ಪ್ರಥಮ ಚಿಕಿತ್ಸೆ ಇಷ್ಟೇ.)

ಕೆಳಗಿನಿಂದ ಒಂದು ಸ್ವರ ಎದ್ದಿತು. "ಕೂತ್ಕೊಳ್ಳಿ ಮಾಷ್ಟ್ರೇ! ಆಚೆ ಈಚೆ ಕಾಲು ಹಾಕಿ ಕೂತ್ಕೊಳ್ಳಿ!"

ಹೊಳೆಯ ಗುಂಡಿಯಲ್ಲಿ ಉಳಿದಿದ್ದ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು. ಹೆಸರು ದೇಜಮ್ಮ ಎಂದು ಆಮೇಲೆ ತಿಳಿಯಿತು.

"ಆ ಪೆಟ್ಟಿಗೆ ಬಿಸಾಡಿ!"

"ಆಗುದಿಲ್ಲ, ಕಾಲೇಜಿನದ್ದು!" ಶ್ರೀಧರ ಅಳುವುದೊಂದೇ ಬಾಕಿ.

"ಹಾಗಾದ್ರೆ ಕಾಲೇಜನ್ನು ಕಟ್ಟಿಕೊಂಡೇ ಜಾರಿ. ಮೆಲ್ಲ. ಕೆಳಗೆ ನೋಡ್ಬೇಡಿ, ನನ್ನ ಮಾತು ಮಾತ್ರ ಕೇಳಿ."

ಗೇಣು ಗೇಣಾಗಿ ಜಾರಿದ. ಆಚೆ ದಡದ ಬೇರು ಅವನ ಕೈಗೆ ಸಿಕ್ಕಿತು. ಅವನು ಮೇಲೆ ಹತ್ತಿದ್ದೇ ತಡ, ಒಂದು ಮರ ಮುರಿದು ಬಂಡೆಗೆ ಬಡಿದು ಹೋಳಾಯಿತು. ಆ ಜಾಗದಲ್ಲಿ ಶ್ರೀಧರ ಇರುತ್ತಿದ್ದರೆ? ನಾನು ಅವನ ಮನೆಗೆ ಹೋಗಿ ಏನು ಹೇಳುತ್ತಿದ್ದೆ? ಟ್ರಯಲ್ ಎಂದೇ?

ಆಮೇಲೆ ನಾನು ಹೊಳೆಗೆ ಇಳಿದು ಆಚೆ ನಡೆದೆ. ಚಪ್ಪಲಿ ಕೂಡ ಒದ್ದೆಯಾಗಲಿಲ್ಲ.

"ಅದು ಕಳೆದ ಮಳೆಗಾಲದ ಸಂಕ. ಹೊಸತು ಹಾಕುದು ಮಳೆ ಹಿಡಿಯುವ ಮೊದಲು" ಎಂದರು ದೇಜಮ್ಮ. "ಈಗ ನಾಯಿ ಸಹ ಅದರ ಮೇಲೆ ಹೋಗುದಿಲ್ಲ. ನೀವು ಎಂತಕ್ಕೆ ಬಂದದ್ದು?"

"ಕಲಿತವರಿಗೆ ಕಲಿಸುವ ಒಂದು ಕಾರ್ಯಕ್ರಮ ಉಂಟು" ಎಂದೆ. "ಹಳ್ಳಿಯವರನ್ನು ಹೇಗೆ ಕೇಳುದು ಅಂತ."

ಅವರು ಬಟ್ಟೆ ಹಿಂಡುತ್ತಾ ನಮ್ಮಿಬ್ಬರನ್ನೂ ನೋಡಿದರು.

"ನಾನು ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ ಮಾರಾಯ್ರೆ. ನೀವು ಒಂದು ಮಾತು ಕೇಳಿದ್ರಾ?"

ಹಾಡು ಕೇಳದೆ ವಾಪಸ್ ಬಂದೆವು. ಕಮ್ಮಟದ ಹೆಸರನ್ನು 'ದಾರಿ ಕೇಳುವುದು' ಎಂದು ತಿದ್ದಿ, ನಡೆಸಿಕೊಡುವವರು ದೇಜಮ್ಮ ಎಂದು ಬರೆದು ಕಳಿಸಿದೆ. ನೀವು ನಗಬಹುದು. ನಾನು ತಮಾಷೆಗೆ ಬರೆದದ್ದಲ್ಲ.

ನಿನ್ನೆ ಉತ್ತರ ಬಂತು: 'ಸದರಿಯವರ ಅರ್ಹತೆಯನ್ನು ರುಜುವಾತುಪಡಿಸುವ ದಾಖಲೆ ಲಗತ್ತಿಸುವುದು.'

ಶ್ರೀಧರನನ್ನೇ ಲಗತ್ತಿಸಿದರೆ ಸಾಕಾದೀತೇ?