ಕೆಳಗಿಳಿಯದೆ ಕರ್ಜಗಿಯವರೆಗೆ

ರಾಣೇಬೆನ್ನೂರಿನ ಬೀಜದ ವ್ಯಾಪಾರಿ ಮಾಲತೇಶ ತನ್ನ ಕಣ್ಣಿನಿಂದ ಮೊಳಕೆ ಕಾಣದೆ ಯಾವ ಬೀಜವನ್ನೂ ಮಾರಿದವನಲ್ಲ. ಕಂಪನಿಯವರು ಚೀಟಿಯ ಮೇಲೆ ಏನೇ ಅಚ್ಚು ಹಾಕಿ ಕಳಿಸಲಿ, ಪ್ರತಿ ಲಾಟಿನಿಂದ ನೂರು ಕಾಳು ಎಣಿಸಿ ತೆಗೆದು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಡುತ್ತಿದ್ದ. ಏಳನೆಯ ದಿನ ಬಿಚ್ಚಿ ಎಣಿಸುತ್ತಿದ್ದ. ಧಾರವಾಡದ ಕೃಷಿ ಕಾಲೇಜಿನಲ್ಲಿ ಕಲಿತದ್ದರಲ್ಲಿ ಅವನ ಕೈಹಿಡಿದದ್ದು ಇದೊಂದೇ. "ನೂರಕ್ಕ ಎಂಬತ್ತೆಂಟು, ಒಯ್ರಿ" ಎಂದು ಅವನೆಂದರೆ ಮೇಡ್ಲೇರಿಯ ರೈತರು ಮರುಮಾತಿಲ್ಲದೆ ಚೀಲ ಹೆಗಲಿಗೇರಿಸುತ್ತಿದ್ದರು. ಎಂಬತ್ತಕ್ಕಿಂತ ಕಡಿಮೆ ಬಂದ ಲಾಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು.

ಇಂಥ ಮನುಷ್ಯ ೨೦೦೬ರ ಚಳಿಗಾಲದಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ ಪುಣೆಯಿಂದ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ತಂದು ಮನೆಯ ಮುಂದೆ ನಿಲ್ಲಿಸಿದ. ಅದರ ನೆತ್ತಿ ಅವನ ಸೊಂಟಕ್ಕೆ ಬರುತ್ತಿತ್ತು. ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿರಲಿಲ್ಲ. ಓಣಿಯೆಲ್ಲ ಬಂದು ಸುತ್ತಲೂ ನಿಂತು ನೋಡಿತು. ಎದುರು ಮನೆಯ ಅರಿವೆ ಅಂಗಡಿ ಕೊಟ್ರಪ್ಪ ಕೈ ಕಟ್ಟಿಕೊಂಡು ಒಂದು ಸುತ್ತು ಹಾಕಿ ಬಂದು ಕೇಳಿದ: "ಮಾಲತೇಶಪ್ಪಾರ, ಉಳಿದದ್ದು ಯಾವಾಗ ಬರ್ತೈತ್ರಿ?"

"ಇಷ್ಟ ಐತಿ" ಎಂದ ಮಾಲತೇಶ.

ಹೆಂಡತಿ ದ್ರಾಕ್ಷಾಯಿಣಿ ಹೊಸ್ತಿಲಿನಿಂದ ಈಚೆ ಬರಲಿಲ್ಲ. ಅಲ್ಲಿಂದಲೇ ನೋಡಿ ಕೇಳಿದಳು: "ಎರಡ ಸೀಟು?"

"ಒಂದು ನಂದು, ಒಂದು ನಿಂದು."

"ಸ್ಟೆಪ್ನಿ ಐತೇನು?"

"ಐತಿ."

"ಅದರಾಗ ಗಾಳಿ?"

ಆ ಪ್ರಶ್ನೆಯ ಬೇರು ಇಪ್ಪತ್ತೈದು ವರ್ಷ ಹಿಂದಕ್ಕಿತ್ತು. ಮದುವೆಯಾದ ಹೊಸತರಲ್ಲಿ, ದಸರೆಯ ಬನ್ನಿಯ ದಿನ, ಹೆಂಡತಿಯನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಅವಳ ತವರೂರು ಕರ್ಜಗಿಗೆ ಹೊರಟಿದ್ದ. ಹಾವೇರಿ ದಾಟಿ ಅರ್ಧ ದಾರಿಯಲ್ಲಿ ಗಾಲಿ ಕುಂತಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಇದ್ದರೂ ಬಿಚ್ಚುವ ಪಾನಾ ಮನೆಯಲ್ಲಿತ್ತು. ರೇಷ್ಮೆ ಸೀರೆಯ ಹೊಸ ಮದುಮಗಳು ಮೈಲುಗಲ್ಲಿನ ಮೇಲೆ ಎರಡು ತಾಸು ಕುಳಿತಳು. ಅಷ್ಟು ಹೊತ್ತೂ ಅವನು "ಐದ ನಿಮಿಷ, ಐದ ನಿಮಿಷ" ಎನ್ನುತ್ತಲೇ ಇದ್ದ. ಕಡೆಗೆ ಊರವರ ಚಕ್ಕಡಿಯೊಂದು ಬಂದು ಅವಳನ್ನು ಹತ್ತಿಸಿಕೊಂಡು ಹೋಯಿತು. ಅವನು ಸ್ಕೂಟರ್ ನೂಕುತ್ತ ಮುಟ್ಟುವಷ್ಟರಲ್ಲಿ ಊಟದ ಎಲೆ ಎತ್ತಿದ್ದರು. ಅವಳ ತಮ್ಮ ಲಕ್ಕಪ್ಪ ಆಗ ಚಡ್ಡಿ ಹಾಕುವ ಹುಡುಗ, "ಅಕ್ಕಾ, ಮಾಮಾನ್ನ ಎಲ್ಲಿ ಬಿಟ್ಟು ಬಂದಿ?" ಎಂದು ಅಂದು ಕೇಳಿದ ಮಾತನ್ನು ಇಂದಿಗೂ ಪ್ರತಿ ಬನ್ನಿಗೆ ತಪ್ಪದೆ ಕೇಳುತ್ತಿದ್ದ. ಅಂದಿನಿಂದ ದ್ರಾಕ್ಷಾಯಿಣಿ ಬನ್ನಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಮಾಲತೇಶ ಹಿಂದಿನಿಂದ ತನ್ನ ವಾಹನದಲ್ಲಿ ಬರುತ್ತಿದ್ದ. ಆ ವಿಷಯದಲ್ಲಿ ಜಗಳವೇನೂ ಇರಲಿಲ್ಲ, ಅದೊಂದು ವಾಡಿಕೆಯಾಗಿಬಿಟ್ಟಿತ್ತು.

ಎರಡು ಸೀಟಿನ ಗಾಡಿ ಬಂದ ಮೇಲೆ ಆ ವಾಡಿಕೆ ಅವನಿಗೆ ಚುಚ್ಚತೊಡಗಿತು. ಯುಗಾದಿಯ ಮರುದಿನ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟ: "ಈ ಸಲ ಬನ್ನಿಗೆ ಇದರಾಗ ಹೋಗೂಣ?"

ದ್ರಾಕ್ಷಾಯಿಣಿ ರೊಟ್ಟಿ ತಿರುವಿ ಹಾಕಿದಳು. "ಬರ್ತೇನಿ. ಆದರ ನಡುವ ದಾರ್ಯಾಗ ನಾ ರಸ್ತೆಕ್ಕ ಕಾಲಿಡಾಂಗಿಲ್ಲ. ಏನ ಆಗ್ಲಿ, ಕುಂತಲ್ಲೇ ಕುಂತಿರ್ತೇನಿ. ಇಳಿಯೂ ಹಂಗಾತಂದ್ರ ಬಸ್ಸಿಗೆ ಕೈ ಮಾಡ್ತೇನಿ. ಆಮ್ಯಾಲೆ ಈ ಗಾಡಿ ವಿಚಾರ ನನ್ನ ಮುಂದ ತೆಗೀಬ್ಯಾಡ್ರಿ."

"ಆತು" ಎಂದ ಮಾಲತೇಶ. ಬನ್ನಿಗೆ ಇನ್ನೂ ಏಳು ತಿಂಗಳಿದ್ದವು.

ಬ್ಯಾಡಗಿ ಕ್ರಾಸಿನಲ್ಲಿ, ಹೆದ್ದಾರಿಯ ಪಕ್ಕ, ಚಮನಸಾಬನ ಪಂಕ್ಚರ್ ಅಂಗಡಿ. ಮೆಣಸಿನಕಾಯಿ ಪೇಟೆಗೆ ಬರುವ ಲಾರಿಗಳೆಲ್ಲ ಅವನ ಗಿರಾಕಿಗಳು. ಮುಂದಿನ ಭಾನುವಾರ ಮಾಲತೇಶ ಗಾಡಿಯನ್ನು ಅಲ್ಲಿಗೆ ಒಯ್ದು ನಿಲ್ಲಿಸಿದ. ಚಮನಸಾಬ ಕುಕ್ಕರುಗಾಲಿನಲ್ಲಿ ಕುಳಿತು ಕೆಳಗೆ ಇಣುಕಿದ. ಮೆಣಸಿನ ಘಾಟಿಗೋ ಅಚ್ಚರಿಗೋ ಎರಡು ಸಲ ಸೀನಿದ.

"ಸಾವ್ಕಾರ್ರ, ಇದರ ಬುಡಕ ನನ್ನ ಕೈ ಹೋಗೂದಿಲ್ಲ. ಜಾಕ್ ಹೆಂಗ ಹೋಗಬೇಕ್ರಿ?"

"ಅದನ್ನ ಕೇಳಾಕ ಬಂದೇನಿ."

ಟಾಯರಿನ ತೂತು ಮುಚ್ಚಲೆಂದು ಪುಣೆಯ ಮಾರಾಟಗಾರ ಕೊಟ್ಟಿದ್ದ ನೊರೆಯ ಡಬ್ಬಿಯನ್ನು ಚಮನಸಾಬ ತಿರುಗಿಸಿ ನೋಡಿ, ಅದರ ಅವಧಿ ಮುಗಿದು ಎಂಟು ವರ್ಷವಾದದ್ದನ್ನು ತೋರಿಸಿ ಪಕ್ಕಕ್ಕಿಟ್ಟ. ಆಮೇಲೆ ಉಪಾಯ ಹೇಳಿದ. ಒಂದು ಕಡೆ ಇಳಿಜಾರಾಗಿ ಕೊಯ್ಯಿಸಿದ ಎರಡು ದಪ್ಪ ಹಲಗೆ ಮಾಡಿಸಬೇಕು; ಮುಂದಿನ ಗಾಲಿ ಎರಡನ್ನೂ ಅವುಗಳ ಮೇಲೆ ಹತ್ತಿಸಬೇಕು; ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಗಾಡಿ ನಾಲ್ಕು ಬೆರಳು ಮೇಲೆದ್ದಾಗ ಸಣ್ಣ ಜಾಕು ಒಳಗೆ ನುಗ್ಗುತ್ತದೆ. "ಆದರ ಮೊದಲ ನಟ್ಟು ಸಡಿಲ ಮಾಡ್ರಿ, ಆಮ್ಯಾಲೆ ಎತ್ರಿ. ಎತ್ತಿದ ಮ್ಯಾಲೆ ಜಗ್ಗಾಡಿದ್ರ ಗಾಡಿ ನಿಮ್ಮ ಮ್ಯಾಲ ಕುಂದರ್ತೈತಿ."

ಪ್ರತಿ ಗಾಲಿಗೆ ನಾಲ್ಕು ನಟ್ಟು. ಅದರಲ್ಲೊಂದು ಕಳ್ಳರಿಗೆ ದಕ್ಕದಿರಲೆಂದು ಬೇರೆ ಬಗೆಯಲ್ಲಿ ಮಾಡಿದ್ದು. ಹೆಬ್ಬೆರಳಿನ ತುದಿಯಷ್ಟಿದ್ದ ಉಕ್ಕಿನ ಟೊಪ್ಪಿಗೆಯೊಂದನ್ನು ಅದರ ಮೇಲೆ ಕೂರಿಸಿದರೆ ಮಾತ್ರ ತಿರುಗುತ್ತಿತ್ತು. ಚಮನಸಾಬ ಅದಕ್ಕೆ ಕಳ್ಳನಟ್ಟು ಎಂದು ಹೆಸರಿಟ್ಟ. "ಈ ಟೊಪ್ಪಿಗಿ ಕಳಕೊಂಡ್ರಿ ಅಂದ್ರ ನೀವೂ ಕಳ್ಳರ ಲೆಕ್ಕನ."

ಹೊರಡುವಾಗ ಅವನು ಒಂದು ಪೊಟ್ಟಣ ಕೊಟ್ಟ. ಅದರಲ್ಲಿ ಹಿಡಿಕೆಯ ದಬ್ಬಣ, ಒಂದು ಟ್ಯೂಬು ಅಂಟು, ಐದು ರಬ್ಬರ್ ಬತ್ತಿ. ಟ್ಯೂಬಿಲ್ಲದ ಟಾಯರಿಗೆ ಗಾಲಿ ಬಿಚ್ಚದೆಯೇ ತೂತಿನೊಳಗೆ ಬತ್ತಿ ತುರುಕುವುದನ್ನು ಹಳೆಯ ಟಾಯರೊಂದರ ಮೇಲೆ ತೋರಿಸಿದ. ಮಾಲತೇಶ ತಾನೂ ಒಮ್ಮೆ ತುರುಕಿದ, ಅಷ್ಟೇನೂ ಹಿಡಿಸಲಿಲ್ಲ. ತೇಪೆ ಕೆಲಸ ಎನ್ನಿಸಿತು. ಪೊಟ್ಟಣವನ್ನು ಗಾಡಿಯ ಬಾಗಿಲಿನ ಜೇಬಿಗೆ ಹಾಕಿ ಮರೆತ.

ಅನಂತರದ ತಿಂಗಳುಗಳಲ್ಲಿ ಅಂಗಡಿಯ ಹಿತ್ತಲು ಪರೀಕ್ಷೆಯ ಕಣವಾಯಿತು. ಬಡಿಗೇರನಿಂದ ಬೇವಿನ ಹಲಗೆ ಬಂದವು. ಗಾಡಿಯ ಸಿಗರೇಟ್ ಲೈಟರಿನ ಜಾಗದಿಂದ ವಿದ್ಯುತ್ ತೆಗೆದುಕೊಳ್ಳುವ ಸಣ್ಣ ಗಾಳಿಯಂತ್ರ ಹುಬ್ಬಳ್ಳಿಯಿಂದ ಬಂತು. ಹದಿನಾಲ್ಕು ಸಾಮಾನುಗಳ ಪಟ್ಟಿ ಬರೆದು, ಪ್ರತಿ ಭಾನುವಾರ ಗಾಲಿ ಬಿಚ್ಚಿ ಹಾಕಿ, ಹಿಡಿದ ನಿಮಿಷಗಳನ್ನು ದಿನಚರಿಯಲ್ಲಿ ಗುರುತು ಹಾಕಿದ. ಮೊದಲ ಸಲ ಎಪ್ಪತ್ತು ನಿಮಿಷ; ಶ್ರಾವಣ ಮುಗಿಯುವಷ್ಟರಲ್ಲಿ ಹತ್ತೊಂಬತ್ತು. ಹೆಂಡತಿ ಇಳಿಯುವುದಿಲ್ಲವಾದ್ದರಿಂದ ಎಡ ಸೀಟಿನಲ್ಲಿ ಗೋವಿನಜೋಳದ ಬೀಜದ ಚೀಲವೊಂದನ್ನು ಕೂರಿಸಿ ಸೀಟ್ ಬೆಲ್ಟ್ ಬಿಗಿದಿದ್ದ. ಒಂದು ಭಾನುವಾರ ಚಹಾ ತಂದ ದ್ರಾಕ್ಷಾಯಿಣಿ ಅದನ್ನು ಕಂಡಳು.

"ಯಾರ್ರಿ ಇಕಿ?"

"ನೀನ. ಐವತ್ತೆಂಟು ಕಿಲೋ."

"ನಾ ಅಷ್ಟಿಲ್ಲ."

ಅವಳು ಒಳಗೆ ಹೋದ ಮೇಲೆಯೂ ಮಾಲತೇಶ ಚೀಲದಿಂದ ಒಂದು ಕಾಳನ್ನೂ ತೆಗೆಯಲಿಲ್ಲ.

ಬನ್ನಿಯ ಹಿಂದಿನ ದಿನ ಖಂಡೆಪೂಜೆ. ಆ ದಿನ ಕಸುಬಿನ ಸಾಮಾನನ್ನೆಲ್ಲ ತೊಳೆದು ದೇವರ ಜಗಲಿಯ ಮೇಲೆ ಇಟ್ಟು ಪೂಜಿಸುವುದು, ಮರುದಿನ ಬೆಳಗಿನವರೆಗೆ ಅವನ್ನು ಮುಟ್ಟದಿರುವುದು ಮನೆಯ ನಡಾವಳಿ. ಪ್ರತಿ ವರ್ಷ ತಕ್ಕಡಿ, ಕಲ್ಲು, ಬೀಜ ಎಣಿಸುವ ತಟ್ಟೆ ಜಗಲಿ ಏರುತ್ತಿದ್ದವು. ಈ ವರ್ಷ ಮಾಲತೇಶ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹದಿನಾಲ್ಕು ಸಾಮಾನನ್ನೂ ಒಂದೊಂದಾಗಿ ಗಾಡಿಯಿಂದ ತಂದ. ಹಲಗೆಗೂ ಭಂಡಾರದ ಅರಿಸಿನ ಬಿತ್ತು, ಜಾಕಿಗೂ ಬಿತ್ತು. ದ್ರಾಕ್ಷಾಯಿಣಿ ಚೆಂಡುಹೂವನ್ನು ಬುಟ್ಟಿಗಟ್ಟಲೆ ಸುರಿದಳು. ಪಟ್ಟಿಯಲ್ಲಿ ಇಲ್ಲದ ಚಮನಸಾಬನ ಪೊಟ್ಟಣವೊಂದು ಮಾತ್ರ ಪೂಜೆಗೆ ಬರದೆ ಬಾಗಿಲಿನ ಜೇಬಿನಲ್ಲೇ ಉಳಿಯಿತು.

ಬೆಳಿಗ್ಗೆ ಸಾಮಾನನ್ನೆಲ್ಲ ಡಿಕ್ಕಿಗೆ ತುಂಬಿದ. ಜಗಲಿಯಿಂದ ತೆಗೆಯುವಾಗ ಪಟ್ಟಿ ನೋಡಲಿಲ್ಲ. ನಿನ್ನೆಯಷ್ಟೇ ನೋಡಿದ್ದೆನಲ್ಲ ಎಂಬ ಧೈರ್ಯ. ದ್ರಾಕ್ಷಾಯಿಣಿ ಹಸಿರು ಇಳಕಲ್ ಸೀರೆ ಉಟ್ಟು, ಒಂದು ಕೈ ಬಾಗಿಲಿಗೆ, ಒಂದು ಕೈ ಗಂಡನ ಭುಜಕ್ಕೆ ಕೊಟ್ಟು ಸೀಟಿಗೆ ಇಳಿದಳು. "ಬಾವ್ಯಾಗ ಇಳದಂಗಾತು" ಎಂದಳು. ಎದುರು ಕಟ್ಟೆಯಿಂದ ಕೊಟ್ರಪ್ಪ ನೋಡುತ್ತಿದ್ದ.

ಹೆದ್ದಾರಿಯ ಮೇಲೆ ಗಾಡಿ ನೀರಿನಂತೆ ಹೋಯಿತು. ಬ್ಯಾಡಗಿ ಕ್ರಾಸಿನಲ್ಲಿ ಚಮನಸಾಬ ಕೈ ಎತ್ತಿದ. ಹಾವೇರಿ ದಾಟಿ ಕರ್ಜಗಿಯ ದಾರಿ ಹಿಡಿದ ಮೇಲೆ ಮಾಲತೇಶ ಪ್ರತಿ ಉಬ್ಬನ್ನೂ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸಿದ. ದ್ರಾಕ್ಷಾಯಿಣಿ ಕಿಟಕಿಯಿಂದ ಹೊಲಗಳನ್ನು ನೋಡುತ್ತ, "ಹತ್ತಿ ಗಿಡಾ ನನಗಿಂತ ಎತ್ತರ ಕಾಣಾಕತ್ತಾವ" ಎಂದು ನಕ್ಕಳು. ಅಷ್ಟರಲ್ಲಿ ಎಡಗಡೆಯಿಂದ ಟಿಕ್, ಟಿಕ್ ಎಂದು ಸದ್ದು ಬಂತು.

ಮಾಲತೇಶ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ ಇಳಿದು ನೋಡಿದ. ಮುಂದಿನ ಎಡ ಗಾಲಿಗೆ ಎತ್ತಿನ ಗೊರಸಿನ ಲಾಳದಿಂದ ಕಳಚಿದ ಮೊಳೆಯೊಂದು ತಲೆಯವರೆಗೆ ಹೊಕ್ಕಿತ್ತು. ಗಾಳಿ ಸಣ್ಣಗೆ ಸೋರುತ್ತಿತ್ತು.

"ಪಂಕ್ಚರು?" ಎಂದಳು ದ್ರಾಕ್ಷಾಯಿಣಿ.

"ಹೌದು. ಕುಂತಿರು. ಹತ್ತೊಂಬತ್ತು ನಿಮಿಷ."

ಹಲಗೆ ಇಟ್ಟ, ಗಾಡಿ ಹತ್ತಿಸಿದ, ಹಿಂದೆ ಕಲ್ಲು ಕೊಟ್ಟ. ಮೂರು ನಟ್ಟು ಸಡಿಲಾದವು. ನಾಲ್ಕನೆಯದಕ್ಕೆ ಟೊಪ್ಪಿಗೆಗಾಗಿ ಕೈ ಹಾಕಿದ. ಚೀಲದಲ್ಲಿ ಇರಲಿಲ್ಲ. ಡಿಕ್ಕಿಯಲ್ಲಿ ಇರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿದಾಗ ಎರಡು ಚೆಂಡುಹೂವು ಬಿದ್ದವು. ಆಗ ಅವನಿಗೆ ತಿಳಿಯಿತು. ಬೆನ್ನು ನೆಟ್ಟಗೆ ಮಾಡಿ ರಸ್ತೆಯ ಕಡೆ ನೋಡಿದ. ಹಳೆಯ ಮೈಲುಗಲ್ಲು ಅಲ್ಲಿಂದ ಕಾಣುವಷ್ಟು ಹತ್ತಿರದಲ್ಲೇ ಇತ್ತು.

ಕಿಟಕಿಯ ಹತ್ತಿರ ಬಗ್ಗಿ ಹೇಳಿದ: "ಒಂದು ಸಾಮಾನು ಮನ್ಯಾಗ ಉಳದೈತಿ."

"ಎಲ್ಲಿ?"

"ಜಗಲಿ ಮ್ಯಾಲೆ. ಹೂವಿನ ಬುಡಕ."

"ಪೂಜಾ ಮಾಡಿ ಅಲ್ಲೇ ಕುಂಡ್ರಿಸಿ ಬಂದ್ರಿ."

"ಹೌದು."

ಹಿಂದಿನಿಂದ ಕರ್ಜಗಿಯ ಬಸ್ಸು ಬಂದು ನಿಧಾನವಾಯಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೇಳಿದ: "ಬರ್ತೀರೇನ್ರಿ ಅಕ್ಕಾರ?" ದ್ರಾಕ್ಷಾಯಿಣಿ ಬಸ್ಸನ್ನು ನೋಡಿದಳು, ಗಂಡನನ್ನು ನೋಡಿದಳು. "ಎಷ್ಟೊತ್ತು?"

ಐದು ನಿಮಿಷ ಎಂಬ ಮಾತು ಮಾಲತೇಶನ ನಾಲಿಗೆಯವರೆಗೆ ಬಂದು ಹಿಂದೆ ಹೋಯಿತು. "ಗೊತ್ತಿಲ್ಲ. ಗಾಲಿ ಬಿಚ್ಚೂದು ಆಗೂದಿಲ್ಲ. ಚಮನಸಾಬ ಕೊಟ್ಟ ರಬ್ಬರ್ ಬತ್ತಿ ಅದಾವ. ಒಂದ ಸಲ ಮಾಡಿ ನೋಡೇನಿ. ನೂರಕ್ಕ ಅರವತ್ತು."

"ಅರವತ್ತು ಬಂದ ಬೀಜಾ ನೀವು ಮಾರೂದಿಲ್ಲ."

"ಮಾರೂದಿಲ್ಲ. ಇದ್ದದ್ದು ಹೇಳೇನಿ."

ಅವಳು ಕಂಡಕ್ಟರನಿಗೆ ಕೈ ಬೀಸಿದಳು. "ಹೋಗ್ರಿ ಮುಂದ. ನಮ್ಮದು ಕೆಲಸ ಐತಿ." ಬಸ್ಸು ಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು: "ಈಗೇನ ಮಾಡಬೇಕು ಹೇಳ್ರಿ."

ಮಾಲತೇಶ ಮೂರು ನಟ್ಟನ್ನೂ ಮತ್ತೆ ಬಿಗಿದ. ಗಾಡಿಯನ್ನು ಹಲಗೆಯಿಂದ ಹಿಂದಕ್ಕೆ ಇಳಿಸಿ, ಮೊಳೆ ಕೈಗೆ ಸಿಗುವ ಕಡೆಗೆ ಬಂದಾಗ ಸರಿಯಾಗಿ ನಿಲ್ಲಿಸಬೇಕಿತ್ತು. ಅವನು ಗಾಲಿ ನೋಡುತ್ತಿರುವಾಗ ಬ್ರೇಕ್ ಹಿಡಿಯುವವರು ಒಬ್ಬರು ಬೇಕು. ಹೇಳಿ ಮುಗಿಸುವ ಮೊದಲೇ ದ್ರಾಕ್ಷಾಯಿಣಿ ಗೇರಿನ ಕೋಲನ್ನು ದಾಟಿ, ಸೀರೆಯನ್ನು ಒಟ್ಟು ಮಾಡಿಕೊಂಡು, ತಲೆ ಛಾವಣಿಗೆ ತಾಗಿಸುತ್ತ ಬಲ ಸೀಟಿಗೆ ಬಂದು ಕುಳಿತಳು. ರಸ್ತೆಗೆ ಕಾಲಿಡಲಿಲ್ಲ.

"ನಡುವಿನ ಪೆಡಲ್ ಗಟ್ಟಿ ತುಳಿ. ಕೈಬ್ರೇಕ್ ಕೆಳಗ ಬಿಡು. ಕಲ್ಲು ತೆಗೀತೇನಿ. ನಾ ಅಂದಾಗ ಕಾಲು ಸಡಿಲ ಮಾಡು, ಸಾಕು ಅಂದಕೂಡ್ಲೆ ತುಳಿ."

"ಬಯ್ಯಬ್ಯಾಡ್ರಿ ಮತ್ತ."

ಗಾಡಿ ಹಲಗೆಯಿಂದ ಮೆಲ್ಲನೆ ಹಿಂದಕ್ಕೆ ಉರುಳಿತು. "ಸಾಕು" ಎಂದ, ಒಂದು ಗೇಣು ದಾಟಿ ನಿಂತಿತು. ಮುಂದೆ ನೂಕಿದ, ಈಗ ಒಂದು ಗೇಣು ಸಾಲದಾಯಿತು. ಮೂರನೆಯ ಸಲ ಮೊಳೆ ಬೇಕಾದಲ್ಲಿಗೆ ಬಂತು. ಅವನು ಹೇಳಿದಂತೆ ಅವಳು ಕೈಬ್ರೇಕ್ ಎಳೆದು, ಸ್ಟೇರಿಂಗನ್ನು ಎರಡೂ ಕೈಯಿಂದ ಬಲಕ್ಕೆ ತಿರುವಿದಳು, ಬೀಸುವ ಕಲ್ಲನ್ನು ತಿರುವಿದಂತೆ. ಗಾಲಿಯ ಹಿಂಬದಿ ಹೊರಗೆ ಬಂದು ಮೊಳೆ ಅವನ ಕಣ್ಣೆದುರಿಗೆ ನಿಂತಿತು.

ಮಾಲತೇಶ ಅದನ್ನು ಇಕ್ಕಳದಿಂದ ಕಿತ್ತ. ಬತ್ತಿಗೆ ಅಂಟು ಹಚ್ಚಿದ. ದಬ್ಬಣ ಮೊದಲ ಸಲ ಜಾರಿತು. ಎರಡನೆಯ ಸಲ ಬತ್ತಿಯೇ ಹರಿಯಿತು. ಬಲ ಸೀಟಿನಿಂದಲೇ ಎಡ ಕಿಟಕಿಯತ್ತ ಬಾಗಿ ನೋಡುತ್ತಿದ್ದ ದ್ರಾಕ್ಷಾಯಿಣಿ, "ಗೋಣಿಚೀಲ ಹೊಲಿಯಾಂಗ ಮಾಡ್ರಿ, ತಿರುವಿ ಒತ್ರಿ" ಎಂದಳು. ಹಾಗೆಯೇ ಮಾಡಿದ. ಬತ್ತಿ ಒಳಗೆ ಹೋಗಿ ಕಚ್ಚಿಕೊಂಡಿತು. ಗಾಳಿಯಂತ್ರ ಗುರ್ ಎಂದಿತು. ಉಗುಳು ಹಚ್ಚಿ ನೋಡಿದ, ಗುಳ್ಳೆ ಏಳಲಿಲ್ಲ. ಮತ್ತೊಮ್ಮೆ ಹಚ್ಚಿದ.

"ಎಷ್ಟು?" ಎಂದಳು.

"ತೊಂಬತ್ತೆರಡು."

"ಹಂಗಾರ ಒಯ್ರಿ" ಎಂದು ಅವಳು ಮತ್ತೆ ಗೇರು ದಾಟಿ ತನ್ನ ಸೀಟಿಗೆ ಹೋದಳು.

ಕರ್ಜಗಿಯಲ್ಲಿ ಲಕ್ಕಪ್ಪ ಬನ್ನಿಯ ತಟ್ಟೆ ಹಿಡಿದು ಕಟ್ಟೆಯ ಮೇಲೆಯೇ ನಿಂತಿದ್ದ. ಬಸ್ಸಿನವರು ಸುದ್ದಿ ಮುಟ್ಟಿಸಿದ್ದರೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೂ ವಾಡಿಕೆ ಬಿಡಲಿಲ್ಲ, ಬಗ್ಗಿ, ಒಳಗೆ ಇಣುಕಿ ಕೇಳಿದ: "ಅಕ್ಕಾ, ಮಾಮಾನ್ನ ಎಲ್ಲಿ ಬಿಟ್ಟು ಬಂದಿ?"

"ಬಿಟ್ಟಿಲ್ಲೋ. ನಾನ ಕರಕೊಂಡು ಬಂದೇನಿ. ಬ್ರೇಕ್ ನಂದ ಇತ್ತು."

ಮಾಲತೇಶ ಸುತ್ತು ಹಾಕಿ ಬಂದು ಎಡ ಬಾಗಿಲು ತೆಗೆದ. ಕೈಗಳು ಮೊಣಕೈವರೆಗೆ ಕಪ್ಪಾಗಿದ್ದವು; ಅವನ್ನು ಹಿಂದೆ ಕಟ್ಟಿಕೊಂಡು ನಿಂತ. ದ್ರಾಕ್ಷಾಯಿಣಿ ತಗ್ಗಿನ ಸೀಟಿನಿಂದ ತಾನೇ ಏಳಲು ಒಮ್ಮೆ ನೋಡಿದಳು, ಆಗಲಿಲ್ಲ. ಹಸಿರು ಬಳೆಯ ಕೈಯನ್ನು ಮೇಲಕ್ಕೆ ಚಾಚಿದಳು.

"ಮನಿ ಬಂತಲ್ರಿ" ಎಂದಳು. "ಈಗ ಇಳಸ್ರಿ."