ಮಹದೇವಣ್ಣನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದ್ದು

ಕಾರ್ಬನ್ ಹಾಳೆಯ ನೀಲಿ ಒಮ್ಮೆ ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಬೆರಳಿನಿಂದ ಮೂಗಿಗೆ, ಮೂಗಿನಿಂದ ಮಧ್ಯಾಹ್ನದ ಅನ್ನಕ್ಕೆ ದಾಟಿಕೊಂಡು ಹೋಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಂಜನಗೂಡಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೂತು ಸುತ್ತಲಿನ ಊರವರ ಅರ್ಜಿಗಳನ್ನು ಇಂಗ್ಲಿಷಿಗೆ ಇಳಿಸುತ್ತಿದ್ದ ನನ್ನನ್ನು ನೀವು ನೋಡಿದ್ದರೆ, ಗೆಳೆಯರೇ, ಮೊದಲು ಆ ನೀಲಿ ಮೂಗನ್ನೇ ನೋಡಿರುತ್ತಿದ್ದಿರಿ. ನನ್ನ ಇಂಗ್ಲಿಷಿನ ಪ್ರತಾಪ ಎಂಥದೆಂದರೆ, ಟ್ರಾನ್ಸ್‌ಫಾರ್ಮರ್ ಬೇಕೆಂದು ತಾಂಡವಪುರದವರಿಗೆ ನಾನು ಬರೆದುಕೊಟ್ಟ ಅರ್ಜಿಯನ್ನು ಓದಿದ ಎಂಜಿನಿಯರರು ಅವರಿಗೆ ಸಂತಾಪ ಸೂಚಿಸಿ ಕಳಿಸಿದ್ದರು.

ಆದರೂ ಜನ ನನ್ನ ಬಳಿಗೇ ಬರುತ್ತಿದ್ದರು, ಏಕೆಂದರೆ ದೊಡ್ಡ ದೊಡ್ಡ ಹೆಸರು ತುಂಬಿದ ನನ್ನ ಅರ್ಜಿಗೆ ತೂಕವಿತ್ತು. ನಮ್ಮ ಕಡೆ ಯಾರನ್ನಾದರೂ ಸ್ಟೇಷನ್ನಿಗೆ ಕರೆದುಕೊಂಡು ಹೋದರೆ ಅವನು ತಪ್ಪು ಮಾಡಿದನೋ ಇಲ್ಲವೋ ಎಂಬುದು ಆಮೇಲಿನ ಮಾತು. ಮೊದಲು ಹೇಳಬೇಕಾದದ್ದು ಅವನು ಯಾರ ಕಡೆಯವನು ಎಂಬುದು. ಹೇಳಿದ ಹೆಸರು ದೊಡ್ಡದಾದಷ್ಟೂ ಅವನಿಗೆ ಕುರ್ಚಿ, ಕುರ್ಚಿಯ ಹಿಂದೆ ಟೀ, ಟೀ ಹಿಂದೆ ಬಿಡುಗಡೆ. ಲೋಕದ ಎಲ್ಲ ಸ್ಟೇಷನ್ನುಗಳೂ ಹೀಗೆಯೇ ನಡೆಯುತ್ತವೆಂದು ನಾನು ನಂಬಿದ್ದೆ.

ಆಗ ಪಕ್ಕದ ಹದಿನಾರು ಎಂಬ ಊರಿನ ರತ್ನಮ್ಮಕ್ಕ ಬಂದರು. ಅವರ ತಮ್ಮ ಮಹದೇವಣ್ಣ ಪಂಪ್‌ಸೆಟ್ ಮೆಕ್ಯಾನಿಕ್ಕು. ಇಪ್ಪತ್ತು ವರ್ಷದ ಹಿಂದೆ ಹೊರದೇಶಕ್ಕೆ ಹೋಗಿ, ಅಲ್ಲಿಯೇ ಮದುವೆಯಾಗಿ, ಅಲ್ಲಿಯದೇ ಪಾಸ್‌ಪೋರ್ಟ್ ಪಡೆದವರು. ಅದು ಸಿಕ್ಕ ದಿನ ಇಲ್ಲಿಯದು ಹೋಯಿತು. ಕಂಪನಿ ಅವರನ್ನು ಇನ್ನೊಂದು ದೇಶದ ನೀರಿನ ಸ್ಥಾವರಕ್ಕೆ ಪಂಪು ಕೂರಿಸಲು ಕಳಿಸಿತ್ತು. ಆ ದೇಶಕ್ಕೂ ಇವರ ಪಾಸ್‌ಪೋರ್ಟಿನ ದೇಶಕ್ಕೂ ಜಗಳ ಹತ್ತಿದ ವಾರದಲ್ಲೇ ಇವರನ್ನೂ ಜೊತೆಗಿದ್ದ ಇಬ್ಬರನ್ನೂ ಗೂಢಚಾರರೆಂದು ಹಿಡಿದರು. ಪುರಾವೆ, ಮಹದೇವಣ್ಣ ಪಂಪಿನ ಫೋಟೋ ತೆಗೆದಿದ್ದರಂತೆ. ಪಂಪಿನ ಮೆಕ್ಯಾನಿಕ್ಕು ಪಂಪಿನ ಫೋಟೋ ತೆಗೆಯದೆ ಚಂದ್ರನದು ತೆಗೆಯುತ್ತಾನೆಯೇ?

ನಮ್ಮ ದೇಶದವರನ್ನು ಕೇಳಿದರೆ ಅವರು ಈಗ ನಮ್ಮವರಲ್ಲ ಎಂದರು. ಪಾಸ್‌ಪೋರ್ಟ್ ಕೊಟ್ಟವರು ಪ್ರಯತ್ನದಲ್ಲಿದ್ದೇವೆ ಎಂದರು. ಹಿಡಿದವರಿಗೆ ಬೇಕಾದದ್ದು ಮಹದೇವಣ್ಣನಲ್ಲ, ಪಾಸ್‌ಪೋರ್ಟ್ ಕೊಟ್ಟ ಸರ್ಕಾರದಿಂದ ಇನ್ನೇನೋ; ಇವರು ಬರೀ ಎಳೆಯುವ ಹಗ್ಗ. ಇಷ್ಟು ಪೇಪರು ಓದಿ ನನಗೂ ತಿಳಿದಿತ್ತು. ಆದರೆ ತಿಳಿದದ್ದಕ್ಕೂ ಟೈಪು ಮಾಡಿದ್ದಕ್ಕೂ ನನ್ನಲ್ಲಿ ಯಾವತ್ತೂ ಸಂಬಂಧವಿರುತ್ತಿರಲಿಲ್ಲ.

ಹಿಡಿದಿಟ್ಟ ದೇಶದ ರಾಯಭಾರ ಕಚೇರಿಗೆ ಅರ್ಜಿ ಬಡಿದೆ. ಮಹದೇವಣ್ಣ ಜಗದ್ವಿಖ್ಯಾತ ಜಲತಜ್ಞರು. ಅವರ ಸರ್ಕಾರ ಅವರನ್ನು ಕೇಳದೆ ಒಂದು ನಲ್ಲಿಯನ್ನೂ ತಿರುಗಿಸದು. ಮಂತ್ರಿಗಳು ಅವರೊಡನೆ ಊಟ ಮಾಡುತ್ತಾರೆ. ಅವರಿಗಾಗಿ ಎರಡು ರಾಷ್ಟ್ರಗಳು ಕಣ್ಣೀರಿಡುತ್ತಿವೆ. ಹದಿನಾರಿನಲ್ಲಿ ಸಿಕ್ಕವರಿಂದೆಲ್ಲ ಸಹಿ ಹಾಕಿಸಿ ರಿಜಿಸ್ಟರ್ ಪೋಸ್ಟ್ ಮಾಡಿದೆ. ಆ ದಿನ ನನಗೆ ನನ್ನ ಮೇಲೆಯೇ ಗೌರವ ಬಂದಿತ್ತು.

ಕೆಲವು ತಿಂಗಳ ಮೇಲೆ ಮಹದೇವಣ್ಣನ ಹೆಂಡತಿ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದರು. ಅವರ ಇಂಗ್ಲಿಷನ್ನು ರತ್ನಮ್ಮಕ್ಕನಿಗೆ ಕನ್ನಡದಲ್ಲಿ ಹೇಳಲು ನಾನೇ ರಿಸೀವರ್ ಹಿಡಿದಿದ್ದೆ. ಜೊತೆಯಲ್ಲಿದ್ದ ಇಬ್ಬರನ್ನು ಬಿಟ್ಟರಂತೆ, ಇವರನ್ನು ಮಾತ್ರ ಇಟ್ಟುಕೊಂಡರಂತೆ. ಬಿಡುಗಡೆಯಾದ ಆ ಇಬ್ಬರು ಕಂಡಂತೆ, ವಿಚಾರಣೆ ಮಾಡುವ ಅಧಿಕಾರಿಯ ಮೇಜಿನ ಮೇಲೆ ನನ್ನ ಅರ್ಜಿ ಇತ್ತಂತೆ, ಸಾಲುಸಾಲಿಗೂ ಕೆಂಪು ಗೆರೆ ಎಳೆದು. ಇದನ್ನು ಬೇರೆ ರೀತಿ ಅನುವಾದಿಸಲು ನನಗೆ ಬಲು ಆಸೆಯಾಯಿತು. ಆಗಲಿಲ್ಲ.

ರತ್ನಮ್ಮಕ್ಕ ಬೂತಿನ ಮೆಟ್ಟಿಲ ಮೇಲೆ ಕೂತರು. ಬೈಯಲಿಲ್ಲ. "ನಮ್ ಮೇಕೆಯ ಕಟ್ಟಾಕಂಡವ್ನ ಮುಂದ ಓಗಿ, ಅದು ಎಷ್ಟ್ ಆಲು ಕೊಡ್ತದೆ ಅಂತ ಯಾರಾರೂ ಏಳ್ತಾರೇನ್ಲಾ?" ಎಂದರು.

ಹಾಗಾಗಿ ಎರಡನೆಯ ಅರ್ಜಿ. ಈ ಸಲ ಅವರು ಹೇಳುವುದು, ನಾನು ಬರೆಯುವುದು. ನನ್ನ ತಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಎರಡು ಸಲ ಫೇಲು. ಹಲ್ಲಿ ಕಂಡರೆ ಕಿರುಚುತ್ತಾನೆ. ಪಂಪು ಬಿಚ್ಚಿದರೆ ಜೋಡಿಸಿದ ಮೇಲೂ ಎರಡು ನಟ್ಟು ಉಳಿಸುತ್ತಾನೆ. ಸಾಕಿ ಬೆಳೆಸಿದ ತಮ್ಮನನ್ನು ಒಂದೊಂದೇ ಮಾತಿನಲ್ಲಿ ಸಣ್ಣದು ಮಾಡುತ್ತಾ ಬಂದ ರತ್ನಮ್ಮಕ್ಕನ ದನಿ ಅಕ್ಕಿ ಆರಿಸುವಾಗಿನಷ್ಟೇ ಸಹಜವಾಗಿತ್ತು. ಕೊನೆಗೆ ನಾನು, ಇವನಿಲ್ಲದಿದ್ದರೆ ಅಳುವವರು ಯಾರೂ ಇಲ್ಲ ಎಂದೊಂದು ಸಾಲು ಸೇರಿಸಲೇ ಎಂದು ಕೇಳಿದೆ.

"ಅದ ಬೇಕಾರ ನೀನೇ ಬರ್ಕೊ," ಎಂದು ಅವರು ಗೋಡೆಯ ಕಡೆ ತಿರುಗಿದರು. "ನನ್ ಬಾಯಲ್ಲಿ ಬರಕ್ಕಿಲ್ಲ."

ಬರೆದೆ. ಅವರು ಓದದೆ ಸಹಿ ಹಾಕಿದರು.

ಎಂಟು ತಿಂಗಳ ಮೇಲೆ ಮಹದೇವಣ್ಣನ ಬಿಡುಗಡೆಯಾಯಿತು. ಅದೇ ವಾರ ಆ ಎರಡು ಸರ್ಕಾರಗಳು ಯಾವುದೋ ಹಡಗಿನ ವಿಚಾರದಲ್ಲಿ ರಾಜಿಯಾದವೆಂದು ಪೇಪರಿನ ಒಳಪುಟದಲ್ಲಿತ್ತು. ಬಿಡಿಸಿದ್ದು ಹಡಗೋ, ಹಲ್ಲಿಯೋ? ಮೊದಲು ಅವರನ್ನು ಅಲ್ಲೇ ಉಳಿಸಿದ್ದು ನನ್ನ ಅರ್ಜಿಯೋ, ಅಥವಾ ಹಿಡಿದವರಿಗೆ ಕೈಯಲ್ಲಿ ಒಬ್ಬರಾದರೂ ಬೇಕಿತ್ತೋ? ಒಬ್ಬ ಮನುಷ್ಯ ಎಷ್ಟು ದೊಡ್ಡವನಾಗಿದ್ದರೆ ಬಿಡುತ್ತಾರೆ, ಎಷ್ಟು ಸಣ್ಣವನಾಗಿದ್ದರೆ ಮರೆತೇ ಬಿಡುತ್ತಾರೆ? ನಿಮಗೆ ಗೊತ್ತಿದ್ದರೆ ಹೇಳಿ. ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವರು ಊರಿಗೆ ಬಂದಾಗ ಹದಿನಾರಿಗೆ ಹೋದೆ. ಬಡವಾಗಿದ್ದರು, ಊಟಕ್ಕೆ ಕೂತಿದ್ದರು. ಎರಡು ಅರ್ಜಿಯನ್ನೂ ವಿಚಾರಣೆಯವರು ಅವರಿಗೆ ಓದಿ ಹೇಳಿದ್ದರಂತೆ.

"ಮೊದುಲ್ನೇದು ನಾನು ಇನ್ಯಾರ್‍ದೋ ಅನ್ಕಂಡಿ," ಎಂದು ನಕ್ಕರು. "ಎರಡ್ನೇದ್ರಲ್ಲಿ ಅಲ್ಲಿ ಕಂಡ್ರ ಕಿರುಚ್ತಾನ ಅಂತ ಬಂತಲ್ಲ, ಆಗ ಗೊತ್ತಾಯ್ತು, ನಮ್ಮಕ್ಕನ್ದೇ ಅಂತ." ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ಕೊನೇ ಸಾಲೂ ಅವಳ್ದೇನಾ?"

ನಾನು ಬರೆದದ್ದು ಎಂದೆ.

"ಎಂಟ್ ತಿಂಗ್ಳು ನಾನು ಅದ ನಿಜ ಅನ್ಕಂಡೇ ಮಲಿಕತಿದ್ದಿ ಕಣಪ್ಪ," ಎಂದರು.

ಒಳಗಿನಿಂದ ರತ್ನಮ್ಮಕ್ಕ ಬಂದು, ಕೇಳದೆಯೇ, ಅವರ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು. ಅವರು ಬೇಡ ಎನ್ನಲಿಲ್ಲ.